ಎರಡು ಅಡಿಯ ಬಾಗಿಲು

ಫೆಬ್ರವರಿ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಡ್ಡಿ,

ಹೇಗಿದ್ದೀಯೇ? ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಬೈಯಬೇಡ ಅಂತ ಹೇಳುವುದಿಲ್ಲ, ಬೈಯಿ. ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈಯಿ. ನಿನ್ನ ಕಾಗದ ಮೇಜಿನ ಮೇಲೇ ಇತ್ತು, ಕಳೆದುಹೋಗಿರಲಿಲ್ಲ. ದಿನಾ ಅದರ ಮೇಲೆ ಕನ್ನಡಕ ಇಟ್ಟು ಮಲಗುತ್ತಿದ್ದೆ, ಬೆಳಗ್ಗೆ ಕನ್ನಡಕ ಎತ್ತಿಕೊಂಡು ಹೊರಡುತ್ತಿದ್ದೆ. ಉತ್ತರ ಮಾತ್ರ ಬರೆಯಲಿಲ್ಲ.

ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು ಅಂತ ಓದಿ ಸಮಾಧಾನವಾಯಿತು. ಮೊಮ್ಮಗಳ ಫೋಟೋ ನೋಡಿದೆ. ಪೂರಾ ನಿನ್ನ ಹಾಗೆ, ಎರಡು ಕಡ್ಡಿಗೆ ಫ್ರಾಕು ತೊಡಿಸಿದ ಹಾಗೆ ನಿಂತಿದ್ದಾಳೆ. ಅವಳಿಗೆ ದೃಷ್ಟಿ ತಾಗದಿರಲಿ.

ನನ್ನ ಸುದ್ದಿ ಕೇಳಿದ್ದೀಯ. ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನಮ್ಮ ಕಚೇರಿಯನ್ನು ಮೂರನೇ ಮಹಡಿಗೆ ಹಾಕಿದ್ದಾರೆ, ಲಿಫ್ಟು ಇದೆ, ಓಡುವುದಿಲ್ಲ. ಹಳೇ ಕಟ್ಟಡಗಳನ್ನು ಕಾಪಾಡುವ ಕಚೇರಿಗೆ ಹೊಸ ಕಟ್ಟಡದ ಲಿಫ್ಟು ರಿಪೇರಿ ಮಾಡಿಸಲು ಬರುವುದಿಲ್ಲ ನೋಡು. ನನ್ನ ಮಂಡಿ ಎರಡೂ ಮುಷ್ಕರ ಹೂಡಿವೆ. ಪ್ರತಿ ಮಹಡಿಯಲ್ಲೂ ನಿಂತು, ಕಿಟಕಿ ನೋಡುವವಳ ಹಾಗೆ ನಟಿಸಿ, ಉಸಿರು ತಗೊಂಡು ಹತ್ತುತ್ತೇನೆ. ಜೂನ್ ಕೊನೆಗೆ ನಿವೃತ್ತಿ. ಬೀಳ್ಕೊಡುಗೆಗೆ ಗಡಿಯಾರ ಕೊಡುತ್ತಾರಂತೆ. ಇನ್ನು ಮೇಲೆ ಹೊತ್ತು ನೋಡಿಕೊಂಡು ಏನು ಮಾಡಲಿ ಅಂತ ಕೇಳಬೇಕು ಅನ್ನಿಸಿತು. ಸುಮ್ಮನಿದ್ದೆ. ಈಚೆಗೆ ಎಲ್ಲದಕ್ಕೂ ಸುಮ್ಮನಿರುವುದೇ ರೂಢಿಯಾಗಿದೆ.

ನಿನ್ನ ಕಾಗದದ ಕೊನೆಯಲ್ಲಿ ನೀನು ಒಂದು ಸಾಲು ಬರೆದಿದ್ದೆ: "ನಮ್ಮ ಕಲ್ಲಿನ ಮನೆ ಹೇಗಿದೆಯೇ, ಇನ್ನೂ ನಿಂತಿದೆಯಾ?" ನಾಲ್ಕು ತಿಂಗಳು ತಡವಾದದ್ದು ಆ ಒಂದು ಸಾಲಿಗೆ.

ಮನೆ ನಿಂತಿದೆ ಕಣೇ. ಇಪ್ಪತ್ತೆಂಟು ಇಂಚು ದಪ್ಪದ ಗೋಡೆ, ಅದಕ್ಕೇನಾಗುತ್ತೆ. ಮುಂದಿನ ಗೋಡೆಯ ಸಂದಿಯಲ್ಲಿ ನೀನು ಬಸ್ ಟಿಕೆಟ್ ತೂರಿಸಿ ನೋಡಿ "ಹೋಗಲ್ಲ ಕಣೇ!" ಅಂತ ಕೂಗಿದ್ದೆಯಲ್ಲ, ಇವತ್ತಿಗೂ ಹೋಗುವುದಿಲ್ಲ. ಒಂದು ತುದಿ ಮಾತ್ರ ಗೋಡೆಯಲ್ಲಿ ಹೂತು, ಇನ್ನೊಂದು ತುದಿ ಗಾಳಿಯಲ್ಲಿ ನಿಂತಿರುವ ಹದಿನೇಳು ಮೆಟ್ಟಿಲೂ ಹಾಗೇ ಇವೆ. ಎರಡು ದಿನ ನೀನು ಅದರ ಮೇಲೆ ಕಾಲಿಡಲಿಲ್ಲ. "ಕೆಳಗೆ ಏನೂ ಇಲ್ಲದೆ ಅದು ಹೇಗೆ ನಿಂತಿದೆ ಅಂತ ನೀನು ಹೇಳೋವರೆಗೂ ನಾನು ಹತ್ತಲ್ಲ" ಅಂತ ಹಟ ಮಾಡಿದ್ದೆ. ಮೂವತ್ತೊಂದು ವರ್ಷವಾಯಿತು. ನಾವಿಬ್ಬರೂ ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ. ಆಗ ಖಾಲಿ ಬಿದ್ದಿದ್ದ ಮನೆಯನ್ನು ಹನ್ನೊಂದು ದಿನ ಅಳೆದೆವು. ನೀನು ಏಣಿಯ ಮೇಲೆ, ನಾನು ಕೆಳಗೆ ಟೇಪ್ ಹಿಡಿದುಕೊಂಡು.

ಮೂರು ಬಾಗಿಲು ನೆನಪಿದೆ ತಾನೆ? ಮುಂಬಾಗಿಲು ನಾಲ್ಕೂವರೆ ಅಡಿ ಅಗಲ. ಹಜಾರ ದಾಟಿದರೆ ನಡುಬಾಗಿಲು ಮೂರೂವರೆ. ಅದರಾಚೆ, ಅಡುಗೆಮನೆ ಬಚ್ಚಲುಮನೆಗೆ ಹೋಗುವ ಹಿಂದಿನ ಬಾಗಿಲು ಬರೀ ಎರಡು ಅಡಿ. ಮೂರೂ ಒಂದೇ ಸಾಲಿನಲ್ಲಿ. ಮುಂಬಾಗಿಲಲ್ಲಿ ನಿಂತು ನೋಡಿದರೆ ಒಂದರೊಳಗೊಂದು ಕೂತ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಮೈ ಜುಂ ಅಂದಿತ್ತು. ಕಾಪಾಡಬೇಕಾದ ಕಟ್ಟಡಗಳ ಪಟ್ಟಿಗೆ ವಿವರಣೆ ಬರೆದೆ: "ಹೊರಜಗತ್ತಿನಿಂದ ಒಳಬದುಕಿನ ಕಡೆಗೆ ಹೋದಂತೆ ಈ ಮನೆ ಮೆಲ್ಲನೆ ಕಿರಿದಾಗುತ್ತದೆ. ಇದು ಕಟ್ಟಿದವನ ಮೂಲ ಕಲ್ಪನೆ." ಆ ಎರಡು ವಾಕ್ಯದ ಬಲದಿಂದ ಮನೆಗೆ ಒಂದನೇ ದರ್ಜೆ ಸಿಕ್ಕಿತು. ಒಂದು ಕಲ್ಲನ್ನೂ ಅಲುಗಿಸುವ ಹಾಗಿಲ್ಲ. ನನಗೂ ಹೆಸರು ಬಂತು. ಆ ಮೂರು ಬಾಗಿಲಿನ ಮೇಲೆ ನಾನು ಎಷ್ಟು ಸಭೆಯಲ್ಲಿ ಮಾತಾಡಿದ್ದೇನೋ, ಎಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಮುಂಬಾಗಿಲಲ್ಲಿ ನಿಲ್ಲಿಸಿದ್ದೇನೋ.

ನೀನು ಕೆಲಸ ಬಿಟ್ಟು ಆ ಊರಿಗೆ ಹೋದ ಮೇಲೆ ಮನೆ ಇಬ್ಬರು ಅಕ್ಕತಂಗಿಯರಿಗೆ ಬಂತು, ಚಿಕ್ಕಮ್ಮನ ಕಡೆಯಿಂದ. ಅಕ್ಕ ಟೈಲರು. ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಹೊಲಿಯುತ್ತಾಳೆ. ಬೀದಿಯಲ್ಲಿ ಎಲ್ಲರೂ ಟೈಲರಮ್ಮ ಅಂತಲೇ ಕರೆಯುವುದು. ತಂಗಿ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದಳು. ಮೂವತ್ತಾರನೇ ವಯಸ್ಸಿಗೆ ಅವಳ ಬೆನ್ನುಮೂಳೆಯಲ್ಲಿ ಗಡ್ಡೆಯಾಯಿತು. ಗಡ್ಡೆ ತೆಗೆದರು, ಕಾಲು ಎರಡೂ ಹೋದವು.

ಗಾಲಿಕುರ್ಚಿಯ ಅಗಲ ಇಪ್ಪತ್ತೆಂಟು ಇಂಚು. ಹಿಂದಿನ ಬಾಗಿಲು ಇಪ್ಪತ್ತನಾಲ್ಕು. ಕೆಳಗೆ ಗೇಣೆತ್ತರದ ಕಲ್ಲಿನ ಹೊಸ್ತಿಲು ಬೇರೆ. ನೀನು ಅಳೆಯುವವಳೇ ಅಲ್ಲವಾ, ಇನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಚ್ಚಲುಮನೆಗೆ ಹೋಗಬೇಕಾದಾಗೆಲ್ಲ ಅಕ್ಕ ಅವಳನ್ನು ಕುರ್ಚಿಯಿಂದ ಎತ್ತಿ, ಅಡ್ಡಡ್ಡ ತಿರುಗಿ, ಹೊಸ್ತಿಲು ದಾಟಿ, ಆಚೆ ಇಟ್ಟಿದ್ದ ಇನ್ನೊಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ದಿನಕ್ಕೆ ಐದು ಸಲ, ಆರು ಸಲ. ಹೊರಗಿನಿಂದ ಸುತ್ತಿಕೊಂಡು ಹೋಗೋಣ ಅಂದರೆ ಪಕ್ಕದ ಓಣಿಯಲ್ಲಿ ಐದು ಕಲ್ಲುಮೆಟ್ಟಿಲು, ಅವೂ ಪಟ್ಟಿಯಲ್ಲಿವೆ.

ಬಾಗಿಲನ್ನು ಎಂಟು ಇಂಚು ಅಗಲ ಮಾಡಲು, ಹೊಸ್ತಿಲು ತೆಗೆಯಲು ಅನುಮತಿ ಕೊಡಿ ಅಂತ ಟೈಲರಮ್ಮ ಅರ್ಜಿ ಹಾಕಿದಳು. ಅರ್ಜಿ ಬಂದದ್ದು ನನ್ನ ಮೇಜಿಗೆ.

ಪರಿಶೀಲನೆಗೆ ಹೋದೆ. ತಂಗಿ ಹಜಾರದಲ್ಲಿ ಕೂತಿದ್ದಳು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಯಾವುದೋ ಶಾಲೆಯ ಹಾಜರಿ ಪುಸ್ತಕ ಹೊಲಿಯುತ್ತಾ. ಬಾಯಿ ತುಂಬಾ ಮಾತು. "ನಿಮ್ಮ ಕಚೇರಿಯ ಪಟ್ಟಿ ಪುಸ್ತಕ ಇದೆಯಲ್ಲ ಮೇಡಂ, ಎರಡನೇ ಮುದ್ರಣ, ಅದನ್ನ ಹೊಲಿದಿದ್ದು ನಾನೇ" ಅಂದಳು. "ನಮ್ಮನೆ ಪುಟ ಬಂದಾಗ ಒಂದು ಹೊಲಿಗೆ ಜಾಸ್ತಿ ಹಾಕಿದ್ದೆ, ಕಿತ್ತುಬರದೆ ಇರ್ಲಿ ಅಂತ."

ನಗು ಬಂತು. ಆಮೇಲೆ ಅವಳು ದನಿ ತಗ್ಗಿಸಿ, ಅಕ್ಕನಿಗೆ ಕೇಳದ ಹಾಗೆ, "ಅಕ್ಕ ನನ್ನ ಎತ್ತುವಾಗ ನಾನು ಕಣ್ಣು ಮುಚ್ಕೊಂಡುಬಿಡ್ತೀನಿ ಮೇಡಂ. ಇಲ್ಲಾಂದ್ರೆ ಅವಳ ಮುಖ ಹತ್ತಿರದಿಂದ ಕಾಣುತ್ತೆ" ಅಂದಳು.

ನಾನು ಏನು ಮಾಡಿದೆ ಗೊತ್ತಾ? ಟೇಪ್ ಬಿಚ್ಚಿ ಬಾಗಿಲು ಅಳೆದೆ. ಅಳತೆ ಬಾಯಿಪಾಠವಿದ್ದರೂ ಅಳೆದೆ. ಏನಾದರೂ ಮಾಡುತ್ತಿರಬೇಕಿತ್ತಲ್ಲ.

ತಿರಸ್ಕರಿಸಿದೆ. "ಸದರಿ ಬಾಗಿಲು ಮನೆಯ ಮೂಲ ವಿನ್ಯಾಸದ ಅವಿಭಾಜ್ಯ ಅಂಗವಾಗಿರುವುದರಿಂದ" ಅಂತ ಬರೆದೆ. ಅಷ್ಟೇ ಅಲ್ಲ, ಕಿರಿದಾದ ಗಾಲಿಕುರ್ಚಿ ಬಳಸಬಹುದು ಅಂತ ಸಲಹೆ ಬೇರೆ ಕೊಟ್ಟೆ. ಪಾಪ, ತಂದು ನೋಡಿದರು. ಬೆನ್ನಿಗೆ ಕಟ್ಟಿದ್ದ ಬಿಗಿಪಟ್ಟಿಯ ಸಮೇತ ಅವಳು ಅದರಲ್ಲಿ ಹಿಡಿಸಲಿಲ್ಲ. ಎಂಟು ತಿಂಗಳಿಗೆ ಎರಡನೇ ಅರ್ಜಿ, ವೈದ್ಯರ ಪತ್ರದ ಜೊತೆ. ಅದನ್ನೂ ತಿರಸ್ಕರಿಸಿದೆ. ಮೂರನೆಯದನ್ನು ಟೈಲರಮ್ಮ ಕೈಯಲ್ಲೇ ತಂದಳು, ಮೂರು ಮಹಡಿ ಹತ್ತಿಕೊಂಡು. ಪಟ್ಟಿ ಪುಸ್ತಕದ ಆ ಪುಟ ತೆಗೆದು ನನ್ನ ಮುಂದೆ ಇಟ್ಟಳು.

"ಇದನ್ನ ಬರೆದವರು ಯಾರು ಮೇಡಂ?"

"ನಾನೇ."

"ಚೆನ್ನಾಗಿ ಬರೆದಿದ್ದೀರ" ಅಂದಳು. ಕುಹಕವಿರಲಿಲ್ಲ, ನಿಜವಾಗಿಯೇ ಹೇಳಿದಳು. "ಆದ್ರೆ ಇದರಲ್ಲಿ ನನ್ನ ತಂಗಿ ಹಿಡಿಸಲ್ಲ."

ನಾನು ನಿಯಮ ಹೇಳಿದೆ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಅಂದೆ. ಅದು ಸುಳ್ಳೂ ಅಲ್ಲ ಕಡ್ಡಿ, ನಿನಗೆ ಗೊತ್ತು. ಹಿಂದಿನ ವರ್ಷವೇ ಒಬ್ಬ ಹೋಟೆಲಿನವನು ಇಂಥದ್ದೇ ಮನೆಯ ಮುಂದಿನ ಗೋಡೆ ಒಡೆದು ಗಾಜು ಹಾಕಲು ಹೊರಟಾಗ ಎದೆಯೊಡ್ಡಿ ನಿಂತವಳು ನಾನು. ಮೂವತ್ತು ವರ್ಷ ಬೇಡ ಬೇಡ ಅಂದೂ ಅಂದೂ, ಎದುರಿಗೆ ಯಾರು ನಿಂತಿದ್ದಾರೆ ಅಂತ ನೋಡುವ ಮೊದಲೇ ಬಾಯಿಗೆ ಬೇಡ ಬಂದುಬಿಡುತ್ತೆ.

ಹೋದ ಜುಲೈ ತಿಂಗಳ ಒಂದು ಬೆಳಗ್ಗೆ ಟೈಲರಮ್ಮನ ಸೊಂಟ ಹಿಡಿದುಕೊಂಡಿತು, ಸರಿಯಾಗಿ ಹೊಸ್ತಿಲ ಮೇಲೆ. ಇಬ್ಬರೂ ಬಿದ್ದರು. ತಂಗಿಯ ತೊಡೆಮೂಳೆ ಮುರಿಯಿತು. ನೋವು ಗೊತ್ತಾಗದ ಕಾಲಾದ್ದರಿಂದ, "ಏನೂ ಆಗಿಲ್ಲ ಅಕ್ಕ, ನಿನಗೇನಾಯ್ತು?" ಅಂತ ಅವಳೇ ಕೇಳುತ್ತಿದ್ದಳಂತೆ. ಆಸ್ಪತ್ರೆಯಲ್ಲಿ ಮಲಗಿದ ಕಡೆಯೇ ಎದೆಯಲ್ಲಿ ಕಫ ಕಟ್ಟಿತು. ಐದು ವಾರ ಇದ್ದಳು, ಅಷ್ಟೆ.

ನನಗೆ ಸುದ್ದಿ ಗೊತ್ತಾದದ್ದು ಫೈಲಿನಿಂದ. "ಅರ್ಜಿದಾರರು ಅರ್ಜಿಯನ್ನು ಹಿಂಪಡೆದಿದ್ದಾರೆ" ಅಂತ ಗುಮಾಸ್ತ ಬರೆದಿದ್ದ. ಯಾಕೆ ಅಂತ ಕೇಳಿದೆ. "ಇನ್ನು ಬೇಕಾಗಿಲ್ಲವಂತೆ ಮೇಡಂ" ಅಂದ.

ಸಾವಿನ ಮನೆಗೆ ಹೋಗಬೇಕಿತ್ತು. ಬೀದಿಯ ತಿರುವಿನವರೆಗೂ ಹೋದೆ. ಅಲ್ಲಿಂದ ಮುಂಬಾಗಿಲು ಕಾಣುತ್ತೆ. ವಾಪಸ್ ಬಂದೆ.

ಇಲ್ಲಿಗೆ ನಿಲ್ಲಿಸಿ ಚಹಾ ಮಾಡಿಕೊಂಡು ಬಂದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ, ಕುಡಿದರೂ ಗೊತ್ತಾಗಲಿಲ್ಲ.

ನವೆಂಬರಿನಲ್ಲಿ ಆ ಮನೆಯಿಂದ ಮೇಸ್ತ್ರಿ ಫೋನ್ ಮಾಡಿದ. ನಮ್ಮ ಕಚೇರಿಯ ಕೆಲಸ ಮಾಡಿ ಮಾಡಿ ಮುದುಕನಾದವನು, ಕಲ್ಲಿನ ಜೊತೆ ಮಾತಾಡುವಷ್ಟು ಮನುಷ್ಯರ ಜೊತೆ ಮಾತಾಡುವುದಿಲ್ಲ. ಹಿಂದಿನ ಬಾಗಿಲಿನ ಮೇಲೆ ಗಾರೆ ಉಬ್ಬಿ ಬೀಳುತ್ತಿತ್ತಂತೆ, ಅದನ್ನು ಕೆರೆದು ಹೊಸ ಸುಣ್ಣದ ಗಾರೆ ಹಾಕಲು ನಾವೇ ಒಪ್ಪಿಗೆ ಕೊಟ್ಟಿದ್ದೆವು. "ಮೇಡಂ, ನೀವೊಂದ್ಸಲ ಬಂದು ನೋಡಿಬಿಡಿ. ನಾನು ಕೈ ನಿಲ್ಸಿದೀನಿ" ಅಂದ.

ಹೋದೆ. ಈ ಸಲ ತಿರುವಿನಲ್ಲಿ ನಿಲ್ಲುವ ಹಾಗಿರಲಿಲ್ಲ.

ಬಾಗಿಲಿನ ಮೇಲೆ ಗಾರೆ ಪೂರ್ತಿ ಕೆರೆದಿದ್ದ. ಒಳಗೆ ಒಂದೇ ಉದ್ದನೆಯ ತೊಲೆಗಲ್ಲು. ಎರಡು ಅಡಿಯ ಬಾಗಿಲಿಗೆ ಯಾರಾದರೂ ಆರು ಅಡಿಯ ತೊಲೆಗಲ್ಲು ಇಡುತ್ತಾರಾ ಹೇಳು? ಅದರ ಬಲತುದಿ ಎಲ್ಲಿ ಹೋಗಿ ಕೂತಿತ್ತೋ ಅಲ್ಲಿಯವರೆಗೆ, ತೊಲೆಯ ಕೆಳಗೆ, ಕಲ್ಲೇ ಇಲ್ಲ. ಇಟ್ಟಿಗೆ! ಅಚ್ಚಿನಲ್ಲಿ ಒತ್ತಿದ, ಕಾರ್ಖಾನೆಯ ಗುರುತಿರುವ ಇಟ್ಟಿಗೆ. ಮನೆ ಕಟ್ಟಿ ನೂರು ವರ್ಷವಾದ ಮೇಲೆ ಬಂದದ್ದು. ಹೊಸ್ತಿಲೂ ಎಲ್ಲಿಂದಲೋ ತಂದಿಟ್ಟ ಕಲ್ಲು, ಅಡಿಯಲ್ಲಿ ಹಾಸುಗಲ್ಲು ಸಪಾಟಾಗಿ ಆಚೆಯವರೆಗೂ ಹೋಗಿತ್ತು. ಮೇಸ್ತ್ರಿ ನಡುಬಾಗಿಲನ್ನೂ ಒಂದು ಕಡೆ ಕೆರೆದು ತೋರಿಸಿದ. ಅದರದ್ದೂ ಅದೇ ಕಥೆ. ಮೂರು ಬಾಗಿಲೂ ಒಂದೇ ಅಳತೆ ಕಡ್ಡಿ. ಕಟ್ಟಿದವನಿಗೆ ಯಾವ ಕಲ್ಪನೆಯೂ ಇರಲಿಲ್ಲ. ಗಾಳಿ ಬೆಳಕು ನೇರವಾಗಿ ಹಿತ್ತಲಿಗೆ ಹಾಯಲಿ ಅಂತ ಮೂರು ದೊಡ್ಡ ಬಾಗಿಲು ಇಟ್ಟಿದ್ದ.

"ಮತ್ತೆ ಇದನ್ನ ಯಾಕಪ್ಪ ಮುಚ್ಚಿದರು?" ಅಂತ ಕೇಳಿದೆ.

ಮೇಸ್ತ್ರಿ ಕರಣೆ ಒರೆಸುತ್ತಾ, "ಯಾರಿಗೋ ಚಳಿ ಆಗಿರ್ಬೇಕು ಮೇಡಂ" ಅಂದ.

ಟೈಲರಮ್ಮ ಮಷೀನು ನಿಲ್ಲಿಸಿ ಬಂದು ನಿಂತಿದ್ದಳು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಇಟ್ಟಿಗೆಯ ಮೇಲೆ ಕೈ ಆಡಿಸಿದಳು.

"ಹಾಗಾದ್ರೆ ಈ ಇಟ್ಟಿಗೆ ಮೊದ್ಲು ಇರ್ಲಿಲ್ವಾ?"

"ಇರಲಿಲ್ಲ."

"ತೆಗೀಬಹುದಿತ್ತಾ?"

"ತೆಗೆಯಬಹುದಿತ್ತು" ಅಂದೆ.

"ನಿಮಗೆ ಗೊತ್ತಿರ್ಲಿಲ್ವಾ ಮೇಡಂ?"

"ಗೊತ್ತಿರಲಿಲ್ಲಮ್ಮ."

ಅವಳು ಕೊರಳಿನ ಪಟ್ಟಿ ತೆಗೆದು, ಒಂದು ತುದಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಕಲ್ಲಿನಿಂದ ಕಲ್ಲಿಗೆ ತಾನೇ ಅಳೆದಳು. ಐವತ್ತನಾಲ್ಕು ಇಂಚು. ಎರಡು ಸಲ ನೋಡಿದಳು. "ಅವಳ ಕುರ್ಚಿ ಹೋಗಿ, ಪಕ್ಕದಲ್ಲಿ ನಾನೂ ಹೋಗ್ಬಹುದಿತ್ತು" ಅಂದಳು. ನನಗೆ ಹೇಳಲಿಲ್ಲ, ಗೋಡೆಗೆ ಹೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಹೋಗಿ ಮಷೀನಿನ ಮುಂದೆ ಕೂತಳು. ಯಾರದೋ ಬಟ್ಟೆ ಸಂಜೆಗೆ ಕೊಡಬೇಕಿತ್ತಂತೆ.

ಮೇಸ್ತ್ರಿ ನನ್ನ ಮುಖ ನೋಡಿದ. "ತೆಗೆದುಬಿಡು" ಅಂದೆ. ಅನುಮತಿ, ಫೈಲು, ಸಹಿ ಏನೂ ಇಲ್ಲದೆ ನಾನು ಹಾಗೆ ಹೇಳಿದ್ದು ಸರ್ವೀಸಿನಲ್ಲಿ ಅದೇ ಮೊದಲು. ಅವನು ಒಂದೊಂದೇ ಇಟ್ಟಿಗೆ ತೆಗೆದು ಹಿತ್ತಲಲ್ಲಿ ಜೋಡಿಸಿದ. ಸಂಜೆ ಹೊತ್ತಿಗೆ ಹಿತ್ತಲಿನ ಬೆಳಕು ಹಜಾರ ದಾಟಿ ಮುಂಬಾಗಿಲವರೆಗೂ ಬಂತು. ನಮ್ಮ ಹನ್ನೊಂದು ದಿನದಲ್ಲಿ ನಾವು ಕಾಣದಿದ್ದ ಮನೆ ಅದು. ಎಷ್ಟು ಚೆನ್ನಾಗಿತ್ತು ಅಂದರೆ, ನಾಚಿಕೆಯಾಗುವಷ್ಟು.

ಡೈರೆಕ್ಟರಿಗೆ ವರದಿ ಕೊಡಬೇಕಿತ್ತು. ನಮ್ಮ ಮಕ್ಕಳ ವಯಸ್ಸಿನವರು, ಕೆಟ್ಟವರಲ್ಲ. ನಾನು ಬರೆದ ಕರಡು ಓದಿ, ಕೋಣೆಯ ಬಾಗಿಲು ಹಾಕಿಸಿದರು. "ಕಚೇರಿಯ ತಪ್ಪಿನಿಂದ ಅಂತೆಲ್ಲ ಯಾಕೆ ಮೇಡಂ? ಆ ಹೆಂಗಸು ಕೋರ್ಟಿಗೆ ಹೋದ್ರೆ? ನಿಮ್ಮ ನಿವೃತ್ತಿ ಹತ್ತಿರ ಇದೆ. 'ಹೊಸ ಪುರಾವೆ ಬೆಳಕಿಗೆ ಬಂದಿರುವುದರಿಂದ ವಿವರಣೆಯನ್ನು ತಿದ್ದಲಾಗಿದೆ' ಅಂತ ಒಂದು ಸಾಲು ಬರೀರಿ. ಸುಳ್ಳೇನೂ ಅಲ್ಲವಲ್ಲ?"

ಹಾಗೇ ಬರೆದುಕೊಟ್ಟೆ. ದಣಿದಿದ್ದೆ ಕಣೇ. ಈ ದಣಿವು ಮಂಡಿಯದ್ದಲ್ಲ, ನಿದ್ದೆ ಮಾಡಿದರೆ ಹೋಗುವಂಥದ್ದೂ ಅಲ್ಲ. ಆ ಸಾಲು ಟೈಪಾಗಿ ಬಂದಾಗ ಓದದೆ ಸಹಿ ಹಾಕಿದೆ.

ಇದು ನಮ್ಮ ಕಲ್ಲಿನ ಮನೆಯ ಸುದ್ದಿ. ಆಪರೇಷನ್ ಆದ ಕಣ್ಣಿಗೆ ಇಷ್ಟುದ್ದ ಓದಿಸಿದ್ದಕ್ಕೆ ಕ್ಷಮಿಸು. ಕಣ್ಣು ಜೋಪಾನ, ಭಾರ ಎತ್ತಬೇಡ. ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಗೆ ನನ್ನ ಆಶೀರ್ವಾದ. ಅವಳು ನೂರು ವರ್ಷ ತನ್ನ ಕಾಲಿನ ಮೇಲೆ ಓಡಾಡಿಕೊಂಡಿರಲಿ, ಅವಳು ಹೋಗುವ ಕಡೆಯೆಲ್ಲ ಬಾಗಿಲು ಅಗಲವಾಗಿರಲಿ.

ಇತಿ ನಿನ್ನ,
ಟೇಪು

ಮರುಲೇಖ: ಸೋಮವಾರ ಬೆಳಗ್ಗೆ. ಲಕೋಟೆ ಅಂಟಿಸಿದ್ದೆ, ಬಿಚ್ಚಿದ್ದೇನೆ. ಇದನ್ನು ಬರೆಯದೆ ಆ ಕಾಗದ ಕಳಿಸಿದರೆ ಅದೂ ನನ್ನ ವರದಿಯ ಹಾಗೇ ಆಗುತ್ತೆ.

ಅಳತೆಯ ಕೊನೆಯ ದಿನ ನಿನ್ನ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದು ನೀನು ಊರಿಗೆ ಓಡಿದೆಯಲ್ಲ. ನಿನ್ನ ನೋಟ್‌ಬುಕ್ ನನ್ನ ಹತ್ತಿರ ಬಿಟ್ಟುಹೋಗಿದ್ದೆ. ಹಿಂದಿನ ಬಾಗಿಲಿನ ನಕ್ಷೆಯ ಪಕ್ಕದಲ್ಲಿ ನೀನು ಪೆನ್ಸಿಲಿನಲ್ಲಿ ಬರೆದಿದ್ದೆ: "ಬಲಗಡೆ ತಟ್ಟಿದರೆ ಸದ್ದು ಬೇರೆ. ಗಾರೆ ಕೆರೆದು ನೋಡಬೇಕು." ಮೂರು ಬಾಗಿಲಿನ ಆ ಎರಡು ವಾಕ್ಯ ನಾನು ಆಗಲೇ ಬರೆದಾಗಿತ್ತು. ಮಾರನೇ ದಿನ ಪಟ್ಟಿ ಒಪ್ಪಿಸಬೇಕಿತ್ತು. ನಿನ್ನ ಸಾಲನ್ನು ರಬ್ಬರಿನಿಂದ ಉಜ್ಜಿ ಅಳಿಸಿದೆ. ನೀನು ವಾಪಸ್ ಬಂದು ಕೇಳಿದೆ, "ಆ ಗೋಡೆ ನೋಡಿದೆಯೇನೇ?" ಅಂತ. "ನೋಡಿದೆ, ಗಟ್ಟಿ ಕಲ್ಲು" ಅಂದೆ. ನೀನು ನಂಬಿದೆ. ಮತ್ತೆ ಆ ಮಾತೇ ಎತ್ತಲಿಲ್ಲ.

ಮರೆತುಹೋಗಿತ್ತು ಅಂತ ಹೇಳಿಕೊಳ್ಳಬಹುದು. ಮರೆತಿರಲಿಲ್ಲ ಕಡ್ಡಿ. ಎರಡು ಅರ್ಜಿ ತಿರಸ್ಕರಿಸುವಾಗಲೂ, ಮೂರನೆಯದಕ್ಕೆ ನಿಯಮ ಹೇಳುವಾಗಲೂ, ಮೂರು ಸಲವೂ, ನೆನಪಿತ್ತು. ತಟ್ಟಿ ನೋಡಿದರೆ ಸಾಕಿತ್ತು. ಆ ದಿನ ಆ ತಂಗಿಯ ಮುಂದೆಯೇ ಗೋಡೆಗೆ ಟೇಪ್ ಹಿಡಿದು ನಿಂತಿದ್ದೆ, ಬೆರಳು ಮಡಚಿ ತಟ್ಟಲಿಲ್ಲ.

ಈಗ ಕಚೇರಿಗೆ ಹೋಗಿ ಆ "ಹೊಸ ಪುರಾವೆ" ಹೊಡೆದುಹಾಕಿ, ಆದದ್ದು ಬರೆದು, ಹೆಸರು ಹಾಕಿ ಕೊಡುತ್ತೇನೆ. ಅಲ್ಲಿಂದ ಟೈಲರಮ್ಮನ ಮನೆಗೆ. ಒಳಗೆ ಕರೆದರೆ ಒಳಗೆ ಹೇಳುತ್ತೇನೆ, ಇಲ್ಲದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ. ಅವಳಿಗೆ ಹೇಳುವ ಮೊದಲು ನಿನಗೆ ಹೇಳಬೇಕಿತ್ತು. ಹೇಳಿದೆ. ಉತ್ತರ ಬರೆಯಲೇಬೇಕು ಅಂತಿಲ್ಲ.